ನಾಯಿಮರಿಗೆ ನೀರಿನ ಪಾಠ

(ಬಾನುಲಿ ಭಾಷಣ)

ಋಗ್ವೇದದ ಹತ್ತನೆಯ ಮಂಡಲದಲ್ಲಿ ಸರಮೆಯ ಪ್ರಸಂಗವೊಂದು ಬರುತ್ತದೆ. ಕಳುವಾದ ಹಸುಗಳನ್ನು ಅರಸುತ್ತ ಇಂದ್ರನ ದೂತಿಯಾಗಿ ಬಹುದೂರ ಬಂದ ಸರಮೆಯನ್ನು ಕಂಡು ಪಣಿಗಳು ಬೆರಗಾಗುತ್ತಾರೆ. ಅವರು ಆಕೆಗೆ ಕೇಳುವ ಪ್ರಶ್ನೆಗಳಲ್ಲಿ ಒಂದು, ನಡುವೆ ಹರಿಯುವ ರಸಾ ನದಿಯ ನೀರನ್ನು ಆಕೆ ದಾಟಿದ್ದು ಹೇಗೆ ಎಂಬುದು. ಪರಂಪರೆಯು ಸರಮೆಯನ್ನು ದೇವಲೋಕದ ಹೆಣ್ಣುನಾಯಿ ಎಂದು ಗುರುತಿಸಿದೆ. ಸಂಸ್ಕೃತದಲ್ಲಿ ನಾಯಿಗೆ ‘ಸಾರಮೇಯ’ ಎಂಬ ಹೆಸರು ಬಂದದ್ದು ಆಕೆಯ ಸಂತಾನವೆಂಬ ಕಾರಣದಿಂದ. ನಾಯಿಯೊಂದು ಹೊಳೆ ದಾಟಿದ ಬಗೆ ಕೇಳಿ ತಿಳಿಯತಕ್ಕ ಸಂಗತಿಯೆಂದು ಆ ಕಾಲದವರಿಗೆ ತೋರಿತ್ತು.

ಈಗ ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ. ‘ನಾಯಿಗೆ ಈಜು ಕಲಿಸುವುದುಂಟೇ? ಅದು ಹುಟ್ಟುವಾಗಲೇ ಕಲಿತು ಬಂದಿರುತ್ತದೆ’ ಎಂಬುದು ಎಲ್ಲ ಊರುಗಳಲ್ಲಿಯೂ ಕೇಳಿಬರುವ ಮಾತು. ಈ ನಂಬಿಕೆಯ ಬಲದಿಂದಲೇ ಹುಡುಗರು ಮರಿಯನ್ನು ಹಿಡಿದು ಕೆರೆಗೆ ಎಸೆಯುತ್ತಾರೆ. ಅದು ಹೇಗೋ ಕಾಲಾಡಿಸಿಕೊಂಡು ದಡ ಸೇರಿದರೆ ನಂಬಿಕೆ ನಿಜವಾಯಿತೆಂದು ಕೈತಟ್ಟಿ ನಗುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಏನೆಂಬುದನ್ನು ನಾನು ಒಂದು ನಾಯಿಯ ಪ್ರಾಣವನ್ನು ತೆತ್ತು ತಿಳಿದುಕೊಂಡೆ. ಮೊದಲು ಅದನ್ನು ಹೇಳಿ ಅನಂತರ ಪಾಠಕ್ಕೆ ಬರುವುದು ನ್ಯಾಯವೆನಿಸುತ್ತದೆ.

ನಮ್ಮ ಮನೆ ತುಂಗಾ ನದಿಯಿಂದ ಒಂದು ಕೂಗಳತೆಯಲ್ಲಿದೆ. ಕರಿಯನೆಂಬ ನಾಡನಾಯಿ ಆರು ವರ್ಷ ನಮ್ಮೊಡನೆ ಇತ್ತು. ಬೇಸಿಗೆಯ ಸಂಜೆ ನಾನು ಟವೆಲು ಹೆಗಲಿಗೇರಿಸಿ ಹೊರಟರೆ ಸಾಕು, ನನಗಿಂತ ಮುಂಚೆ ಅದು ನೀರಿನಲ್ಲಿರುತ್ತಿತ್ತು. ಮರಳಿನ ದಂಡೆ ಇಳಿಜಾರಾಗಿ ನೀರನ್ನು ಸೇರುವ ಜಾಗ ಒಂದಿತ್ತು. ಅಲ್ಲಿಯೇ ಇಳಿಯುತ್ತಿತ್ತು, ಅಲ್ಲಿಯೇ ಹತ್ತುತ್ತಿತ್ತು. ಅದರ ಈಜಿನ ವಿಷಯದಲ್ಲಿ ನನಗೆ ಬಹಳ ಹೆಮ್ಮೆ. 2018ರ ಏಪ್ರಿಲ್ ತಿಂಗಳಲ್ಲಿ ಬಯಲುಸೀಮೆಯ ಅಂಚಿನಲ್ಲಿರುವ ನೆಂಟರ ತೋಟಕ್ಕೆ ಹೋಗುವಾಗ ಅದನ್ನೂ ಕರೆದುಕೊಂಡು ಹೋದೆ. ತೋಟದಲ್ಲಿ ಒಂದು ಕೃಷಿ ಹೊಂಡವಿತ್ತು. ನಾಲ್ಕೂ ಬದಿ ಕಡಿದು. ನೀರು ಇಂಗದಂತೆ ಕಪ್ಪು ಪ್ಲಾಸ್ಟಿಕ್ ಹಾಳೆಯ ಹೊದಿಕೆ. ನಾವು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಬಿಸಿಲಿಗೆ ಬಳಲಿದ ಕರಿಯ ಆ ನೀರಿಗೆ ಇಳಿದಿದೆ. ಹುಡುಕಿಕೊಂಡು ಹೋಗುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿತ್ತು. ನೀರಿನ ಅಂಚಿಗೆ ಒಂದು ಗೇಣು ಮೇಲೆ, ಹಾಳೆಯ ನಾಲ್ಕೂ ಬದಿಗಳಲ್ಲಿ ಉಗುರಿನ ಗೀರುಗಳಿದ್ದವು. ಒಂದು ಬದಿಯಲ್ಲಿ ಹತ್ತಲಾರದೆ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅದು ಈಜಿ ಹೋಗಿತ್ತು. ತೋಟದಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಆ ಗೀರುಗಳನ್ನು ನೋಡಿ, ‘ಇದಕ್ಕೆ ಈಜೋಕೆ ಬರ್ತಿತ್ತು ಸ್ವಾಮಿ. ಹತ್ತೋಕೆ ದಾರಿ ಇರಲಿಲ್ಲ’ ಎಂದರು.

ಆ ದಿನದಿಂದ ನನ್ನ ಮನಸ್ಸಿನಲ್ಲಿ ನಿಂತಿರುವ ವಿಚಾರವಿದು: ನಾಯಿಗೆ ಈಜು ಕಲಿಸುವುದೆಂದರೆ ನೀರಿನಲ್ಲಿ ತೇಲುವುದನ್ನು ಕಲಿಸುವುದಲ್ಲ, ಮರಳಿ ದಡ ಸೇರುವುದನ್ನು ಕಲಿಸುವುದು. ದಡವಿಲ್ಲದ ನೀರಿಗೆ ಅದು ಇಳಿಯದಂತೆ ನೋಡಿಕೊಳ್ಳುವುದು ಕಲಿಸಿದವನ ಹೊಣೆ. ನಾನು ಮುಂದೆ ಹೇಳುವುದೆಲ್ಲ ಈ ಮಾತಿನ ವಿವರಣೆ. ಈಗ ನಮ್ಮ ಮನೆಯಲ್ಲಿ ಇನ್ನೊಂದು ಮರಿ ಇದೆ. ಹಣೆಯ ಮೇಲೆ ಬಿಳಿಯ ಚುಕ್ಕೆ ಇರುವುದರಿಂದ ಮಕ್ಕಳು ಅದನ್ನು ಚಿಕ್ಕಿ ಎಂದು ಕರೆದರು. ಅದಕ್ಕೆ ನಾನು ಪಾಠ ಹೇಳಿದ ಕ್ರಮವನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲು ಆ ಅರ್ಧ ಸತ್ಯವನ್ನು ನೋಡೋಣ. ಮರಿಯನ್ನು ನೀರಿನ ಮೇಲೆ ಹಿಡಿದರೆ ಸಾಕು, ಅದರ ಕಾಲುಗಳು ತಾವಾಗಿಯೇ ಆಡತೊಡಗುತ್ತವೆ. ನೆಲದ ಮೇಲೆ ನಾಯಿ ಕುಕ್ಕುಲೋಟದಲ್ಲಿ ಹೋಗುವಾಗ ಮುಂದಿನ ಬಲಗಾಲೂ ಹಿಂದಿನ ಎಡಗಾಲೂ ಜೊತೆಯಾಗಿ, ಮುಂದಿನ ಎಡಗಾಲೂ ಹಿಂದಿನ ಬಲಗಾಲೂ ಜೊತೆಯಾಗಿ ಚಲಿಸುತ್ತವೆ. ನೀರಿನಲ್ಲಿಯೂ ಹೆಚ್ಚುಕಡಿಮೆ ಅದೇ ಜೋಡಿ. ಈ ಚಲನೆ ಹುಟ್ಟಿನೊಡನೆ ಬಂದದ್ದು ನಿಜ. ಆದರೆ ಮೈಯನ್ನು ನೀರಿಗೆ ಸಮತಲವಾಗಿ ಇಡುವುದು, ಮೂಗಿಗೆ ನೀರು ಹೋಗದಂತೆ ಉಸಿರಾಡುವುದು, ಯಾವ ಕಡೆಗೆ ದಡವಿದೆಯೆಂದು ಗುರುತಿಸುವುದು, ದಣಿವಿಗೆ ಮುಂಚೆ ಹಿಂದಿರುಗುವುದು, ಇವು ಯಾವುವೂ ಹುಟ್ಟಿನೊಡನೆ ಬಂದವಲ್ಲ. ಗಾಬರಿಯಾದ ಮರಿ ಮುಂಗಾಲುಗಳನ್ನು ನೀರಿನಿಂದ ಮೇಲೆತ್ತಿ ಬಡಿಯುತ್ತದೆ. ಆಗ ಸೊಂಟ ಕೆಳಗಿಳಿದು ಮೈ ನೆಟ್ಟಗೆ ನಿಲ್ಲುತ್ತದೆ; ಹಾಗೆ ನಿಂತ ಮೈ ಮುಂದಕ್ಕೆ ಹೋಗದು. ಎಸೆದ ಮರಿಗಳಲ್ಲಿ ಅನೇಕವು ದಡ ಸೇರಿದರೂ ಬದುಕಿನುದ್ದಕ್ಕೂ ನೀರಿನ ಬಳಿ ಸುಳಿಯವು. ಎಸೆದ ಕೈಯನ್ನು ಸಹ ಅವು ಮರೆಯವು.

ಎಲ್ಲ ನಾಯಿಗಳ ಮೈಕಟ್ಟೂ ಈಜಿಗೆ ಒಂದೇ ಬಗೆಯಾಗಿ ಒದಗುವುದಿಲ್ಲ. ಈಗ ನಮ್ಮ ಪಟ್ಟಣಗಳಲ್ಲೆಲ್ಲ ಕಾಣಸಿಗುವ ಲ್ಯಾಬ್ರಡಾರ್ ಜಾತಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಬೆಸ್ತರ ಜೊತೆ ಶೀತಲವಾದ ಸಮುದ್ರದಲ್ಲಿ ದುಡಿದ ನಾಯಿಗಳ ವಂಶ ಅದು. ಒಳಗೊಂದು ಹೊರಗೊಂದು ಎಂಬಂತೆ ಎರಡು ಪದರದ ಕೂದಲು, ಬೆರಳುಗಳ ನಡುವೆ ಚರ್ಮದ ಪೊರೆ, ಚುಕ್ಕಾಣಿಯಂತೆ ಒದಗುವ ದಪ್ಪ ಬಾಲ, ಎಲ್ಲವೂ ನೀರಿಗೆಂದೇ ಇದ್ದ ಹಾಗಿವೆ. ಇದಕ್ಕೆ ವ್ಯತಿರಿಕ್ತವಾಗಿ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಓಟಕ್ಕೆ ಹುಟ್ಟಿದ್ದು. 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಚೀಟಿಯನ್ನೇ ಹೊರಡಿಸಿತು. ಆಳವಾದ ಎದೆ, ಬಳುಕುವ ಸೊಂಟ, ಮೈಮೇಲೆ ಕೊಬ್ಬೆಂಬುದೇ ಇಲ್ಲ. ಕೊಬ್ಬು ಕಡಿಮೆಯಾದ ಮೈ ಬೇಗ ಮುಳುಗುತ್ತದೆ, ಬೇಗ ತಣ್ಣಗಾಗುತ್ತದೆ. ಅದು ಈಜಲಾರದೆಂದಲ್ಲ, ಅದಕ್ಕೆ ಹೆಚ್ಚು ತಾಳ್ಮೆಯೂ ಚಿಕ್ಕ ಪಾಠಗಳೂ ಬೇಕು. ಪಗ್, ಬುಲ್‌ಡಾಗ್ ಮೊದಲಾದ ಚಪ್ಪಟೆ ಮುಖದವುಗಳ ಕಷ್ಟ ಇನ್ನೂ ದೊಡ್ಡದು. ಮೂಗನ್ನು ನೀರಿನ ಮೇಲಿರಿಸಲು ಅವು ತಲೆಯನ್ನು ಬಹಳ ಹಿಂದಕ್ಕೆ ಎತ್ತಬೇಕು. ಎತ್ತಿದೊಡನೆ ಹಿಂಭಾಗ ಮುಳುಗುತ್ತದೆ. ಅವಕ್ಕೆ ಮೊಣಕಾಲುದ್ದದ ನೀರಿನ ಆಟವೇ ಸಾಕು. ಆಳಕ್ಕೆ ಕರೆದೊಯ್ಯುವುದು ಪ್ರೀತಿಯ ಲಕ್ಷಣವಲ್ಲ. ಬೀದಿಯಲ್ಲಿ ಹುಟ್ಟಿದ ನಮ್ಮ ನಾಡನಾಯಿಯ ಮೈಕಟ್ಟು ಎಲ್ಲದರಲ್ಲಿಯೂ ಮಧ್ಯಮ. ಚೆನ್ನಾಗಿ ಕಲಿಸಿದರೆ ಅದು ಚೆನ್ನಾಗಿಯೇ ಈಜುತ್ತದೆ.

ಯಾವ ವಯಸ್ಸಿನಲ್ಲಿ ಆರಂಭಿಸಬೇಕು? ಇಲ್ಲಿ ಒಂದು ಇಕ್ಕಟ್ಟಿದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಮರಿಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಅಂಜಿಕೆಯಿಲ್ಲದೆ ಸ್ವೀಕರಿಸುವ ಕಾಲ ಎಂಬುದು ಅವರ ಮುಖ್ಯ ನಿರ್ಣಯಗಳಲ್ಲಿ ಒಂದು. ಹಾಗಾದರೆ ನೀರಿನ ಪರಿಚಯ ಆ ಅವಧಿಯಲ್ಲಿಯೇ ಆಗಬೇಕು. ಆದರೆ ಮರಿಗೆ ಲಸಿಕೆಗಳು 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಮುಂದುವರಿದು, 16ನೆಯ ವಾರದ ಹೊತ್ತಿಗೆ ಒಂದು ಹಂತಕ್ಕೆ ಬರುತ್ತವೆ. ಅದಕ್ಕೆ ಮುಂಚೆ ಹತ್ತಾರು ನಾಯಿಗಳು ಓಡಾಡುವ ಕೆರೆಯಂಗಳದಲ್ಲಿ ಮರಿಯನ್ನು ಬಿಟ್ಟರೆ ಪಾರ್ವೋ ಎಂಬ ರಕ್ತಭೇದಿಯ ರೋಗ ತಗುಲಬಹುದು. ಅದರ ವಿಷಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮನಸ್ಸು ತೆರೆದಿರುವಾಗ ಮೈಗೆ ರಕ್ಷೆಯಿಲ್ಲ. ಮೈಗೆ ರಕ್ಷೆ ಬರುವಷ್ಟರಲ್ಲಿ ಮನಸ್ಸಿನ ಬಾಗಿಲು ಅರೆಮುಚ್ಚಿರುತ್ತದೆ.

ಈ ಇಕ್ಕಟ್ಟಿಗೆ ಪರಿಹಾರ ಮನೆಯ ಹಿತ್ತಿಲಿನಲ್ಲಿದೆ. ಮೊದಲ ನೀರು ಹೊಳೆಯದಾಗಬೇಕಿಲ್ಲ, ಬೋಗುಣಿಯದಾದರೆ ಸಾಕು. ಚಿಕ್ಕಿ ನಮ್ಮ ಮನೆಗೆ ಬಂದಾಗ ಅದಕ್ಕೆ ಎಂಟು ವಾರ. ಬಟ್ಟೆ ನೆನೆಸುವ ಅಗಲವಾದ ಪ್ಲಾಸ್ಟಿಕ್ ಟಬ್ಬನ್ನು ಬಿಸಿಲಿಗಿಟ್ಟು, ತಳದಲ್ಲಿ ಕಾಲು ಜಾರದಂತೆ ಗೋಣಿಚೀಲ ಹಾಸಿ, ಎರಡು ಬೆರಳು ನೀರು ಹಾಕಿದೆವು. ಮರಿಯನ್ನು ಎತ್ತಿ ಒಳಗಿಡಲಿಲ್ಲ. ಅದರ ತಿಂಡಿಯ ಒಂದೆರಡು ಚೂರುಗಳನ್ನು ನೀರಿನಲ್ಲಿ ಬಿಟ್ಟು ಸುಮ್ಮನೆ ಕುಳಿತೆವು. ಮೊದಲ ದಿನ ಮೂಗು ತೋಯಿಸಿಕೊಂಡು ಸೀನಿತು. ಎರಡನೆಯ ದಿನ ಮುಂಗಾಲಿಟ್ಟಿತು. ನಾಲ್ಕನೆಯ ದಿನ ನಾಲ್ಕೂ ಕಾಲುಗಳಲ್ಲಿ ಒಳಗೆ ನಿಂತು ನೀರನ್ನು ಕೆದಕತೊಡಗಿತು. ದಿನಕ್ಕೆ ಐದು ನಿಮಿಷ ಮಾತ್ರ. ಅದಕ್ಕೆ ಇನ್ನೂ ಆಡಬೇಕೆನ್ನಿಸುವಾಗಲೇ ಟಬ್ಬನ್ನು ಬರಿದು ಮಾಡುತ್ತಿದ್ದೆವು. ಹಸಿವಿರುವಾಗಲೇ ಎಲೆಯಿಂದ ಏಳಬೇಕೆಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಸಾಕಾಗುವವರೆಗೆ ಆಡಿದ ಮರಿ ನಾಳೆ ಓಡಿಬರುವುದಿಲ್ಲ.

ಇದೇ ತಿಂಗಳುಗಳಲ್ಲಿ ನೆಲದ ಮೇಲೆ ಕಲಿಸಬೇಕಾದ ಎರಡು ಪಾಠಗಳಿವೆ. ಒಂದು, ಕರೆದರೆ ಬರುವುದು. ಆಟದ ನಡುವೆ, ಇನ್ನೊಂದು ನಾಯಿಯ ಬೆನ್ನಟ್ಟುವಾಗ, ಬಾಯಲ್ಲಿ ಎಲುಬಿರುವಾಗ ಸಹ ‘ಬಾ’ ಎಂದರೆ ಬರಬೇಕು. ನೆಲದ ಮೇಲೆ ಹತ್ತಕ್ಕೆ ಒಂಬತ್ತು ಸಲ ಬರುವ ನಾಯಿಯನ್ನು ಸಹ ನೀರಿಗೆ ಬಿಡಬಾರದು. ಹತ್ತನೆಯ ಸಲ ಹೊಳೆಯ ನಡುವೆ ಒದಗಬಹುದು. ಎರಡು, ಅಪ್ಪಣೆಯಿಲ್ಲದೆ ಇಳಿಯದಿರುವುದು. ಟಬ್ಬಿನ ಮುಂದೆ ಮರಿಯನ್ನು ಕೂರಿಸಿ, ‘ಹೋಗು’ ಎಂದ ಮೇಲೆಯೇ ಒಳಗೆ ಕಾಲಿಡುವಂತೆ ರೂಢಿಸಬೇಕು. ಬೋಗುಣಿಯ ಮುಂದೆ ಇದು ನಗೆಯ ಮಾತಾಗಿ ತೋರಬಹುದು. ಕರಿಯನಿಗೆ ನಾನು ಕಲಿಸದೆ ಬಿಟ್ಟ ಪಾಠ ಇದೇ.

ಲಸಿಕೆಗಳು ಮುಗಿದು, ಪಶುವೈದ್ಯರು ಒಪ್ಪಿದ ಮೇಲೆ ಹೊಳೆಗೆ ಹೋಗಬಹುದು. ಹೊರಡುವ ಮುನ್ನ ಇಲಿಜ್ವರದ ಲಸಿಕೆಯನ್ನು ಮರೆಯಬಾರದು. ಇಲಿ ಹೆಗ್ಗಣಗಳ ಮೂತ್ರದಿಂದ ಕೆಟ್ಟ ನೀರಿನಲ್ಲಿ ಈ ರೋಗಾಣು ಇರುತ್ತದೆ. ಗದ್ದೆಯ ನೀರು, ಚರಂಡಿ ಸೇರುವ ಕೆರೆ, ಮಳೆಗಾಲದ ಹೊಂಡಗಳು ಅದರ ನೆಲೆ. ಜ್ವರ, ವಾಂತಿ, ಕಣ್ಣು ಮತ್ತು ವಸಡುಗಳು ಹಳದಿಯಾಗುವುದು ಇದರ ಗುರುತು. ನಾಯಿಗೆ ಬಂದದ್ದು ಮನೆಯವರಿಗೂ ಹರಡಬಲ್ಲದು. ಲಸಿಕೆಯನ್ನು ಮೊದಲು ಎರಡು ಬಾರಿ, ಅನಂತರ ವರ್ಷಕ್ಕೊಮ್ಮೆ ಹಾಕಿಸಬೇಕು. ಅದೂ ಈ ರೋಗಾಣುವಿನ ಎಲ್ಲ ಬಗೆಗಳನ್ನು ತಡೆಯುವುದಿಲ್ಲವಾದ್ದರಿಂದ ನಿಂತ ಕೊಳಕು ನೀರಿನಿಂದ ದೂರವಿರುವುದೇ ಲೇಸು.

ಹೊಳೆಯ ಮೊದಲ ಪಾಠಕ್ಕೆ ಜಾಗವನ್ನು ಆರಿಸುವುದೇ ಮುಖ್ಯ. ನೀರು ತಿಳಿಯಾಗಿರಬೇಕು, ಸೆಳೆತವಿರಬಾರದು, ದಂಡೆಯು ಮರಳು ಇಲ್ಲವೆ ಸಣ್ಣ ಕಲ್ಲಿನದಾಗಿ ನಿಧಾನವಾಗಿ ಇಳಿಯಬೇಕು. ಮರಿಯನ್ನು ಎತ್ತಿಕೊಂಡು ಹೋಗಬೇಡಿ; ನೀವು ಮೊದಲು ಇಳಿಯಿರಿ. ಪಾದ ಮುಳುಗುವ ನೀರಿನಲ್ಲಿ ದಂಡೆಯ ಉದ್ದಕ್ಕೆ ಅಡ್ಡಾಡಿ. ಅದು ನಿಮ್ಮ ಬೆನ್ನು ಹಿಡಿದು ಬಂದೀತು. ನೀರನ್ನು ಬಲ್ಲ, ಸಮಾಧಾನದ ಸ್ವಭಾವದ ಹಿರಿಯ ನಾಯಿಯೊಂದು ಜೊತೆಗಿದ್ದರೆ ನಿಮ್ಮ ಅರ್ಧ ಕೆಲಸ ಅದೇ ಮಾಡುತ್ತದೆ. ಮರಿಗಳು ನಮ್ಮ ಮಾತಿಗಿಂತ ತಮ್ಮವರ ನಡತೆಯನ್ನು ಬೇಗ ಕಲಿಯುತ್ತವೆ. ಒಂದೆರಡು ದಿನಗಳ ಮೇಲೆ ನೀರು ಅದರ ಎದೆಗೆ ಬರುವವರೆಗೆ ಮುಂದೆ ಹೋಗಬಹುದು. ಹಿಂಜರಿದರೆ ಎಳೆಯಬಾರದು. ಹಿಂಜರಿಕೆ ಹಟವಲ್ಲ, ಅದು ಮರಿ ಕೇಳುವ ಪ್ರಶ್ನೆ. ಉತ್ತರವಾಗಿ ನಾವು ಒಂದು ಹೆಜ್ಜೆ ಹಿಂದಕ್ಕೆ ಬರಬೇಕು.

ಕಾಲು ನೆಲ ಬಿಡುವ ಘಳಿಗೆಗೆ ಸಲಕರಣೆ ಬೇಕು. ಎದೆ ಮತ್ತು ಭುಜಗಳನ್ನು ಬಳಸಿ ಕಟ್ಟುವ ಪಟ್ಟಿ, ಅಂಗಡಿಯವರು ಹಾರ್ನೆಸ್ ಎನ್ನುವುದು, ಅದಕ್ಕೆ ತೇಲುವಂಥ ಹಗುರವಾದ ಉದ್ದನೆಯ ಹಗ್ಗ. ಕೊರಳಪಟ್ಟಿಗೆ ಹಗ್ಗ ಕಟ್ಟಿ ನೀರಿನಲ್ಲಿ ಎಳೆದರೆ ಉಸಿರು ಕಟ್ಟೀತು. ಈಗ ನಾಯಿಗಳಿಗಾಗಿ ಲೈಫ್ ಜಾಕೆಟ್ಟುಗಳೂ ದೊರೆಯುತ್ತವೆ. ಬೆನ್ನ ಮೇಲೆ ಹಿಡಿಕೆಯಿರುವುದನ್ನು ಆರಿಸಬೇಕು. ಮೊದಲು ಅದನ್ನು ಮನೆಯಲ್ಲಿ ತೊಡಿಸಿ ಓಡಾಡಿಸಿ ರೂಢಿ ಮಾಡಿಸಬೇಕು. ಅನಂತರ ಮರಿಯ ಪಕ್ಕದಲ್ಲಿ ನಿಂತು, ಒಂದು ಅಂಗೈಯನ್ನು ಹೊಟ್ಟೆಯ ಕೆಳಗೆ, ಸೊಂಟದ ಬಳಿಗೆ ಇರಿಸಿ ಹಿಂಭಾಗವನ್ನು ಮೇಲಕ್ಕೆ ಹಿಡಿಯಬೇಕು. ಸೊಂಟ ಮೇಲೆ ಬಂದೊಡನೆ ಮುಂಗಾಲುಗಳ ಬಡಿತ ನಿಂತು, ಅವು ನೀರಿನೊಳಗೇ ಹುಟ್ಟು ಹಾಕತೊಡಗುತ್ತವೆ. ಮುಂಗಾಲು ನೀರಿನ ಮೇಲೆ ಕಾಣದಿದ್ದರೆ ಈಜು ಸರಿಯಾಗಿದೆ ಎಂದು ಅರ್ಥ. ಮೂತಿಯನ್ನು ಯಾವಾಗಲೂ ದಡದ ಕಡೆಗೆ ತಿರುಗಿಸಿಯೇ ಕೈ ಸಡಿಲಿಸಬೇಕು. ಮರಿಯ ಮೊದಲ ಈಜು ಆಳದಿಂದ ದಡಕ್ಕೆ ಆಗಬೇಕು, ದಡದಿಂದ ಆಳಕ್ಕೆ ಅಲ್ಲ.

ಇನ್ನು ದಡದ ಪಾಠ. ಚಿಕ್ಕಿಯ ವಿಷಯದಲ್ಲಿ ಈಜಿಗಿಂತ ಹೆಚ್ಚು ದಿನಗಳನ್ನು ನಾನು ಇದಕ್ಕೆ ಕೊಟ್ಟೆ. ಹತ್ತುವ ಜಾಗದಲ್ಲಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆಯ ಬದಲು ಬಿಳಿಯ ಬಟ್ಟೆ ಕಟ್ಟಿದೆ. ನಾಯಿಯ ಕಣ್ಣಿಗೆ ಕೆಂಪು ಸ್ಪಷ್ಟವಾಗಿ ತೋರದು. ನೀರಿನ ಬೇರೆ ಬೇರೆ ಕಡೆಗಳಿಂದ ಅದನ್ನು ಬಿಟ್ಟು ಆ ಗುರುತಿನ ಬಳಿಯಿಂದ ಕರೆದೆ. ಬಂದು ಹತ್ತಿದಾಗ ತಿಂಡಿ. ಅದು ಕೈವಶವಾದ ಮೇಲೆ ಗುರುತನ್ನು ಬೇರೆ ಕಡೆಗೆ ಬದಲಾಯಿಸಿದೆ. ಇಳಿದ ಜಾಗವೊಂದೇ ಹತ್ತುವ ಜಾಗವಲ್ಲ, ಹುಡುಕಿದರೆ ಇನ್ನೊಂದಿದೆ ಎಂಬುದು ಅದಕ್ಕೆ ತಿಳಿಯಬೇಕಾಗಿತ್ತು. ಆಮೇಲೆ ಮೆಟ್ಟಿಲುಗಳು, ಆಮೇಲೆ ನೀರಿಗೆ ಇಳಿಬಿಟ್ಟ ಹಲಗೆ. ಒಂದು ತಿಂಗಳ ಕೊನೆಗೆ ಹೊಸ ಜಾಗಕ್ಕೆ ಹೋದರೆ ಮೊದಲು ದಂಡೆಯ ಉದ್ದಕ್ಕೆ ಓಡಾಡಿ ನೋಡುವ ಅಭ್ಯಾಸ ಅದಕ್ಕೆ ಬಂತು.

ಈಜು ಬಂದ ಮೇಲೆ ಮನುಷ್ಯನಿಗೆ ಬರುವ ಉತ್ಸಾಹವೇ ನಾಯಿಗೆ ಅಪಾಯ. ಕೋಲು ಎಸೆದಷ್ಟು ಸಲವೂ ಅದು ತರುತ್ತದೆ; ‘ಸಾಕು’ ಎಂಬ ಮಾತು ಅದರ ಸ್ವಭಾವದಲ್ಲಿಲ್ಲ. ನಮ್ಮ ನಾಡಿನಲ್ಲಿ ಇದಕ್ಕೊಂದು ಕಲ್ಲಿನ ಸಾಕ್ಷಿಯಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ಕನ್ನಡ ಶಾಸನವು ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತುದನ್ನು ಹೇಳುತ್ತದೆ. ಅದನ್ನು ಓದಿದಾಗಲೆಲ್ಲ ನಾಯಿಯ ಶೌರ್ಯದ ಜೊತೆಗೆ ಇನ್ನೊಂದು ಮಾತೂ ನನಗೆ ಹೊಳೆಯುತ್ತದೆ: ಬಿಟ್ಟ ಕಡೆಗೆ ಹೋಗುವುದಷ್ಟೆ ನಾಯಿಗೆ ಗೊತ್ತು, ಎಲ್ಲಿ ಬಿಡಬೇಕೆಂಬುದು ಒಡೆಯನಿಗೆ ಗೊತ್ತಿರಬೇಕು. ಹತ್ತು ನಿಮಿಷ ಈಜಿದರೆ ಅಷ್ಟೇ ಹೊತ್ತು ನೆಲದ ಮೇಲೆ ವಿಶ್ರಾಂತಿ ಬೇಕು. ಸೊಂಟ ಇಳಿಯುವುದು, ಮುಂಗಾಲು ಮತ್ತೆ ನೀರಿನ ಮೇಲೆ ಕಾಣಿಸುವುದು, ಕಣ್ಣು ಅಗಲವಾಗುವುದು ದಣಿವಿನ ಗುರುತು. ಬಾಯ್ತೆರೆದು ಚೆಂಡು ಕಚ್ಚುವಾಗಲೆಲ್ಲ ಒಂದಷ್ಟು ನೀರು ಹೊಟ್ಟೆ ಸೇರುತ್ತದೆ. ಅದು ಮಿತಿ ಮೀರಿದರೆ ರಕ್ತದಲ್ಲಿನ ಲವಣದ ಪ್ರಮಾಣ ಕುಸಿದು, ಹೊಟ್ಟೆ ಉಬ್ಬಿ, ವಾಂತಿಯಾಗಿ, ನಾಯಿ ತೂರಾಡುತ್ತದೆ, ಪ್ರಾಣಕ್ಕೂ ಕುತ್ತು. ದುಂಡನೆಯ ದೊಡ್ಡ ಚೆಂಡಿಗಿಂತ ಚಪ್ಪಟೆಯಾದ ಆಟಿಕೆ ಮೇಲು, ಏಕೆಂದರೆ ಅದನ್ನು ಕಚ್ಚಲು ಬಾಯಿ ಅಷ್ಟು ತೆರೆಯಬೇಕಿಲ್ಲ.

ಋತುಮಾನವನ್ನೂ ಸ್ಥಳವನ್ನೂ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಹೊಳೆಗಳು ನಾಯಿಗೂ ಅಲ್ಲ, ನಮಗೂ ಅಲ್ಲ. ಅಣೆಕಟ್ಟುಗಳ ಕೆಳಗಿನ ಪಾತ್ರದಲ್ಲಿ ಬೇಸಿಗೆಯಲ್ಲಿಯೂ ಎಚ್ಚರ ಬೇಕು. ಮೇಲೆ ನೀರು ಬಿಟ್ಟರೆ ಕೆಳಗಿನ ಮರಳು ನೋಡುನೋಡುತ್ತಿದ್ದಂತೆ ಮುಳುಗುತ್ತದೆ. ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯಾಗಲಿ ತುಂಗಭದ್ರೆಯ ಎಡದಂಡೆ ಕಾಲುವೆಯಾಗಲಿ, ನಾಲೆಯ ಬಳಿ ಹಗ್ಗ ಬಿಚ್ಚಲೇಬಾರದು. ನೀರು ರಭಸವಾಗಿ ಹರಿಯುತ್ತದೆ. ಗಾರೆಯ ಬದಿಯಲ್ಲಿ ಉಗುರು ನಿಲ್ಲದು. ದಾಂಡೇಲಿಯ ಕಾಳಿ ನದಿ, ರಂಗನತಿಟ್ಟಿನ ಸುತ್ತಲ ಕಾವೇರಿ ಮೊಸಳೆಗಳ ಮನೆ. ಅಲ್ಲಿ ನಾಯಿಯನ್ನು ದಂಡೆಗೂ ಬಿಡುವಂತಿಲ್ಲ. ಬೇಸಿಗೆಯಲ್ಲಿ ಕೆರೆಯ ಮೇಲೆ ಬಣ್ಣ ಚೆಲ್ಲಿದಂತೆ ಹಸಿರು ಕೆನೆಗಟ್ಟಿದ್ದರೆ ಅದು ನೀಲಿಹಸಿರು ಪಾಚಿಯಿರಬಹುದು. ಅದರ ಕೆಲವು ಬಗೆಗಳ ವಿಷ ಕೆಲವೇ ಗಂಟೆಗಳಲ್ಲಿ ನಾಯಿಯನ್ನು ಕೊಲ್ಲಬಲ್ಲದು. ಕರಾವಳಿಯವರು ಕಡಲಿಗೆ ಕರೆದೊಯ್ಯುವಾಗ ಸಿಹಿನೀರನ್ನು ಜೊತೆಗೆ ಒಯ್ಯಬೇಕು. ಬಾಯಾರಿದ ನಾಯಿ ಉಪ್ಪುನೀರು ಕುಡಿದು ವಾಂತಿಭೇದಿಗೆ ಗುರಿಯಾಗುತ್ತದೆ. ಜನ ಸ್ನಾನ ಮಾಡುವ, ಕುಡಿಯಲು ನೀರು ತುಂಬುವ ಕಡೆ, ಶೃಂಗೇರಿಯಂತೆ ಮೀನುಗಳನ್ನು ಭಕ್ತಿಯಿಂದ ಸಾಕಿದ ಮಡುವಿನ ಬಳಿ ನಾಯಿಯನ್ನು ಇಳಿಸದಿರುವುದು ಮರ್ಯಾದೆ.

ಮನೆಗೆ ಬಂದ ಮೇಲೂ ಕೆಲಸವಿದೆ. ಶುದ್ಧ ನೀರಿನಿಂದ ಮೈ ತೊಳೆದು ಒರೆಸಬೇಕು. ಜೋಲುಕಿವಿಯ ನಾಯಿಗಳ ಕಿವಿಯನ್ನು ಒಣಬಟ್ಟೆಯಿಂದ ಒರೆಸದಿದ್ದರೆ ಒಳಗೆ ತೇವ ನಿಂತು ಹುಣ್ಣಾಗುತ್ತದೆ. ಬೆರಳುಗಳ ಸಂದು, ಕಂಕುಳು, ಕಿವಿಯ ಹಿಂಬದಿಗಳಲ್ಲಿ ಉಣ್ಣೆಗಳಿವೆಯೇ ಎಂದು ನೋಡಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಇಂಥ ಉಣ್ಣೆಗಳೇ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಕಾಡಂಚಿನ ಹೊಳೆಗೆ ಹೋದ ನಾಯಿ ಅವುಗಳನ್ನು ಮನೆಯ ಜಗಲಿಗೆ ತರಬಲ್ಲದು. ತೊರೆಯ ನೀರು ಕುಡಿದು ಬಂದ ನಾಯಿಯ ಒಂದೇ ಹೊಳ್ಳೆಯಿಂದ ಪದೇ ಪದೇ ರಕ್ತ ಬಂದರೆ ಒಳಗೆ ಜಿಗಣೆ ಸೇರಿರಬಹುದು. ಕಡ್ಡಿಯಿಂದ ಕೆದಕದೆ ವೈದ್ಯರಿಗೆ ತೋರಿಸಿ. ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ ಮರುದಿನ ಬಾಲ ಜೋತುಬಿದ್ದು ನೋಯುವುದುಂಟು. ಅದು ಬಾಲದ ಬುಡದ ಸ್ನಾಯುಗಳ ದಣಿವು. ಸಾಮಾನ್ಯವಾಗಿ ಕೆಲವು ದಿನಗಳ ವಿಶ್ರಾಂತಿಯಿಂದ ಸರಿಹೋಗುತ್ತದೆ.

ಎಷ್ಟು ಎಚ್ಚರದಿಂದಿದ್ದರೂ ಅನಾಹುತ ಆಗಬಹುದು. ನಾಯಿ ಸೆಳೆತಕ್ಕೆ ಸಿಕ್ಕಿದರೆ ನೀವು ಹಾರಬೇಡಿ. ದಂಡೆಯ ಮೇಲೆ ಕೆಳಗಡೆಗೆ ಓಡುತ್ತ, ಹೆಸರು ಹಿಡಿದು ಕೂಗುತ್ತ, ಹತ್ತಬಹುದಾದ ಜಾಗಕ್ಕೆ ಅದನ್ನು ಕರೆಯಿರಿ. ನಾಯಿಯನ್ನು ಉಳಿಸಲು ಹೋದ ಮನುಷ್ಯರು ಮುಳುಗಿ, ನಾಯಿಯೇ ದಡ ಸೇರಿದ ಸಂಗತಿಗಳಿವೆ. ಮೇಲೆ ತಂದ ನಾಯಿಗೆ ಉಸಿರಿಲ್ಲದಿದ್ದರೆ ಬಲಗಡೆಗೆ ಮಲಗಿಸಿ, ಬಾಯಿಯ ಕಸ ತೆಗೆದು, ನಾಲಿಗೆಯನ್ನು ಮುಂದಕ್ಕೆಳೆಯಿರಿ. ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿಯಂತೆ ಒತ್ತಿ. ಪ್ರತಿ 30 ಒತ್ತಿಗೊಮ್ಮೆ ಬಾಯನ್ನು ಮುಚ್ಚಿ ಹಿಡಿದು ಮೂಗಿನ ಮೂಲಕ 2 ಬಾರಿ ಉಸಿರು ಊದಿ. ಬದುಕಿ ಎದ್ದು ಬಾಲವಾಡಿಸಿದರೂ ಅಂದೇ ವೈದ್ಯರ ಬಳಿಗೆ ಒಯ್ಯಬೇಕು. ನೀರು ಹೊಕ್ಕ ಶ್ವಾಸಕೋಶ ಕೆಲವು ಗಂಟೆಗಳ ಮೇಲೆ ಕೆಡುವುದುಂಟು.

ಕೊನೆಗೆ ಆ ಹೊಂಡದ ಮಾತು. ಕೃಷಿ ಹೊಂಡ ಕೆಟ್ಟದ್ದಲ್ಲ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಮಳೆಯನ್ನೇ ನಂಬಿದ ಎಷ್ಟೋ ಹೊಲಗಳಿಗೆ ಅಂಥ ಹೊಂಡಗಳು ಬಂದವು, ಬೆಳೆಗಳು ಉಳಿದವು. ಆದರೆ ಪ್ಲಾಸ್ಟಿಕ್ ಹೊದಿಸಿದ ಹೊಂಡಕ್ಕೆ ಬಿದ್ದ ಕರು, ನಾಯಿ, ನರಿ ಯಾವುದಕ್ಕೂ ಮೇಲೆ ಬರಲು ಹಿಡಿತವಿಲ್ಲ. ಆಳಕ್ಕೆ ಇಳಿದ ಮಕ್ಕಳಿಗೂ ಇಲ್ಲ. ಸುತ್ತ ಬೇಲಿ ಹಾಕಬೇಕು. ಅದರ ಜೊತೆಗೆ ಎರಡು ಬದಿಗಳಲ್ಲಾದರೂ, ಮೇಲಿನ ಗೂಟಕ್ಕೆ ಬಿಗಿದು ನೀರಿನೊಳಕ್ಕೆ ಇಳಿಬಿಟ್ಟ ಹಗ್ಗದ ಬಲೆಯೋ ಗಂಟು ಹಾಕಿದ ಹಗ್ಗಗಳೋ ಇರಬೇಕು. ಗೋಣಿಚೀಲದಲ್ಲಿ ಮಣ್ಣು ತುಂಬಿ ಹಗ್ಗಕ್ಕೆ ಪೋಣಿಸಿ ಮೆಟ್ಟಿಲಿನಂತೆ ಇಳಿಬಿಟ್ಟರೂ ಆದೀತು. ಇದಕ್ಕೆ ತಗಲುವುದು ಒಂದು ಮಧ್ಯಾಹ್ನದ ಕೆಲಸ, ಅಲ್ಪ ವೆಚ್ಚ.

ನನ್ನ ನೆಂಟರು ಆ ವರ್ಷವೇ ನಾಲ್ಕೂ ಬದಿಗೆ ಬಲೆ ಇಳಿಬಿಡಿಸಿದರು. ಕಳೆದ ಬೇಸಿಗೆಯಲ್ಲಿ ಚಿಕ್ಕಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಗ್ಗವನ್ನು ಕೈಯಲ್ಲಿ ಹಿಡಿದೇ ಇದ್ದೆ. ಅದು ಹೊಂಡದ ಏರಿಯ ಮೇಲೆ ಒಂದು ಸುತ್ತು ಬಂದು, ಬಲೆಯನ್ನು ಮೂಸಿ ನೋಡಿ, ನನ್ನ ಕಾಲ ಬಳಿ ಬಂದು ಕುಳಿತಿತು. ಅಪ್ಪಣೆಗಾಗಿ ನನ್ನ ಮುಖ ನೋಡಿತು. ನಾನು ‘ಹೋಗು’ ಎನ್ನಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಆ ನೀರನ್ನು ನೋಡುತ್ತ ಕುಳಿತಿದ್ದು, ಅನಂತರ ಮನೆಯ ಕಡೆಗೆ ನಡೆದೆವು.